ನಿಂತ ಕಾಲು, ಎರವಲು ಕಣ್ಣು

ನಮ್ಮ ಮನೆಯ ಅಟ್ಟದ ಮೇಲೊಂದು ಬಿಸ್ಕತ್ತಿನ ಡಬ್ಬಿಯಿದೆ. ಅದರಲ್ಲಿ ಬಿಸ್ಕತ್ತಿಲ್ಲವೆಂಬ ಸಂಗತಿ ಇಲಿಗಳಿಗೂ ತಿಳಿದುಹೋಗಿ ಅವು ಆ ಕಡೆ ಸುಳಿಯುವುದನ್ನೇ ಬಿಟ್ಟಿವೆ. ಇರುವುದೆಲ್ಲ ಕಪ್ಪು-ಬಿಳುಪು ಕಾಲದ ನೆಗೆಟಿವ್ ಪಟ್ಟಿಗಳು. ಮುಚ್ಚಳ ತೆಗೆದರೆ ಹುಳಿಯೇರಿದ ಮಜ್ಜಿಗೆಯ ವಾಸನೆ. "ಇದನ್ನರ ಒಗೀರಿ, ಇಲ್ಲಾ ನೀವರ ಇದರ ಜೋಡಿ ಅಟ್ಟಾ ಏರಿ ಕುಂದರ್ರಿ" ಎಂದು ನನ್ನ ಹೆಂಡತಿ ಪ್ರತಿ ದೀಪಾವಳಿಗೂ ನೋಟೀಸು ಕೊಡುತ್ತಾಳೆ. ಎಸೆಯಲೆಂದೇ ಕೆಳಗಿಳಿಸುತ್ತೇನೆ, ಒಂದು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ನೆಗೆಟಿವ್‌ನೊಳಗಿನ ಲೋಕವನ್ನು ನೀವು ಎಂದಾದರೂ ದಿಟ್ಟಿಸಿದ್ದೀರಾ, ಸ್ನೇಹಿತರೇ? ಅಲ್ಲಿ ಹಾಡುಹಗಲಿನ ಆಕಾಶ ಇದ್ದಿಲಿನಂತೆ ಕಪ್ಪು, ನೆರಳೆಲ್ಲ ಹಾಲಿನಂತೆ ಬಿಳುಪು, ನಗುವವರ ಹಲ್ಲಿಗೆ ಕಾಡಿಗೆ, ಹರೆಯದವರ ತಲೆಗೆಲ್ಲ ನರೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ನಾನು ಚಿಕ್ಕೋಡಿಯ ಕೋರ್ಟಿನಲ್ಲಿ ನಕಲು ಗುಮಾಸ್ತ. ವಾರವಿಡೀ ಕಾಗದಗಳ ಪ್ರತಿ ತೆಗೆದು, ಕೊನೆಗೆ 'ಅಸಲಿನಂತೆ ನಕಲು' ಎಂದು ಬರೆಯುವುದು ನನ್ನ ಕಾಯಕ. ಬರೆದ ಮೇಲೆ, ಅಸಲಿನಲ್ಲಿದ್ದ ಅಲ್ಪವಿರಾಮವೊಂದು ಬಿಟ್ಟುಹೋಗಿ ಯಾರದಾದರೂ ಹೊಲ ಕೈತಪ್ಪೀತೆ ಎಂದು ಊಟದ ಹೊತ್ತಿನಲ್ಲೂ ಹಳಹಳಿಸುವುದು ನನ್ನ ಸ್ವಭಾವ. ಇಂಥವನು ಮನಶ್ಶಾಂತಿಗೆಂದು ಹಿಡಿದ ಹವ್ಯಾಸವೂ ನಕಲೇ. ಭಾನುವಾರ ಬೆಳಗಿನ ಬಸ್ಸಿಗೆ ನಿಪ್ಪಾಣಿಗೆ ಹೋಗಿ, ಹಳೇ ಪೇಟೆಯ ಓಣಿಗಳಲ್ಲಿ, ತಂಬಾಕು ತುಂಬಿಡುವ ಗೋದಾಮುಗಳಾದ ವಖಾರಗಳ ಎತ್ತರದ ಗೋಡೆಗಳ ನಡುವೆ, ಕೈಬದಲಾಗಿ ಬಂದ ಒಂದು ಕ್ಯಾಮೆರಾ ಹಿಡಿದು ಬೀದಿಯ ಚಿತ್ರ ತೆಗೆಯುವುದು.

ಆದರೆ ಜನರ ಮುಖಕ್ಕೆ ಕ್ಯಾಮೆರಾ ಹಿಡಿಯಲು ಧೈರ್ಯ ಬೇಕು. ನನ್ನಲ್ಲಿದ್ದದ್ದು ಸ್ಟ್ಯಾಂಡು ಮಾತ್ರ. ಅದನ್ನು ಯಾವುದಾದರೊಂದು ಕಟ್ಟೆಯ ಮೂಲೆಯಲ್ಲಿ ನಿಲ್ಲಿಸಿ, ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿ ಬರಲೆಂಬ ಕಾತರದಲ್ಲಿ ಮಸೂರದ ಕಂಡಿಯನ್ನು ಸೂಜಿಮೊನೆಯಷ್ಟು ಕಿರಿದುಮಾಡಿ, ಆ ಮಬ್ಬು ಬೆಳಕು ಸಾಲಲಿಕ್ಕೆ ಒಂದರಿಂದ ಆರು ಎಣಿಸುವ ತನಕ ಕ್ಯಾಮೆರಾದ ಕಣ್ಣು ತೆರೆದಿಡುತ್ತಿದ್ದೆ. ಪರಿಣಾಮವನ್ನು ನೀವು ಊಹಿಸಬಲ್ಲಿರಿ. ಆರು ಎಣಿಸುವಷ್ಟು ಹೊತ್ತು ನಿಪ್ಪಾಣಿಯಲ್ಲಿ ಯಾರು ನಿಲ್ಲುತ್ತಾರೆ? ಗಿಜಿಗುಡುವ ಪೇಟೆ ಚಿತ್ರದಲ್ಲಿ ಬಟಾಬಯಲು, ಬಾಗಿಲು ತೆರೆದೇ ಇವೆ, ಚಹದ ಕಿಟಲಿಯಿದೆ, ಕಟ್ಟೆಯ ಮೇಲೊಬ್ಬ ತೂಕಡಿಸುವ ಮುದುಕನಿದ್ದಾನೆ, ನಡೆದವರೆಲ್ಲ ಹೊಗೆ.

ನನ್ನ ರೀಲು ತೊಳೆದುಕೊಡುತ್ತಿದ್ದ ಸ್ಟುಡಿಯೋದ ರಾಜೇಸಾಬ ಮೊದಲ ಸಲ ಆ ಚಿತ್ರ ಕಂಡವನೇ, "ಏನ್ರೀ ಸಾಹೇಬ್ರ, ಊರಾಗ ಪ್ಲೇಗ್ ಬಂದು ಎಲ್ಲಾರೂ ಹ್ವಾದ್ರು, ನಂಗ ಯಾರೂ ಹೇಳಲೇ ಇಲ್ಲಲ್ರೀ!" ಎಂದು ನಕ್ಕಿದ್ದ. ನಾನೂ ನಕ್ಕೆ. ಬಸ್ಸಿನಲ್ಲಿ ಹಿಂತಿರುಗುವಾಗ ಮಾತ್ರ ಆ ಬರಿದಾದ ಬೀದಿ ತೊಡೆಯ ಮೇಲೆ ಭಾರವಾಗಿ ಕೂತಿತ್ತು.

ಮುಂದೊಂದು ಭಾನುವಾರ ಸ್ಟುಡಿಯೋದಲ್ಲಿ ಒಬ್ಬ ಹೆಂಗಸು ನನಗಾಗಿ ಕಾಯುತ್ತಿದ್ದಳು. ಗಂಗವ್ವ, ಸೆರಗು ಹಿಡಿದು ನಿಂತವಳು ಮೂರು ವರ್ಷದ ಮಗಳು ಕಮಲಿ. ಗಂಡ ಬಾಳಪ್ಪ ವಖಾರದಲ್ಲಿ ಹಮಾಲಿ ಮಾಡುತ್ತಿದ್ದವನು, ನಾಲ್ಕು ದಿನದ ಜ್ವರಕ್ಕೆ ತೀರಿಕೊಂಡಿದ್ದ. ಮನೆಯಲ್ಲಿ ಅವನದೊಂದು ಫೋಟೋವೂ ಇರಲಿಲ್ಲ.

"ಒಮ್ಮೆ ಮನೀಗಿ ಬಂದು ಹೇಳಿದ್ರು ನೋಡ್ರಿ, 'ಇವತ್ತ ಯಾವನೋ ಹುಚ್ಚ ಸಾಹೇಬ ಓಣ್ಯಾಗ ನನ್ನ ಫೋಟೋ ಹೊಡದ' ಅಂತ. ಆ ಹುಚ್ಚ ಸಾಹೇಬ್ರು ನೀವ ಅಲ್ರೀ?" ಎಂದಳು. ಅಲ್ಲವೆನ್ನುವಂತಿರಲಿಲ್ಲ.

ರಾಜೇಸಾಬ ಆ ಓಣಿಯ ನೆಗೆಟಿವ್ ಹುಡುಕಿ ದೊಡ್ಡದು ಮಾಡಿ, ಚಿತ್ರ ತೊಳೆಯುವ ಹೈಪೋ ನೀರಿನಿಂದ ಎತ್ತಿದ. ಬೆನ್ನ ಮೇಲಿನ ಹೇರು ಸರಿಮಾಡಿಕೊಳ್ಳಲು ಬಾಳಪ್ಪ ಅಂದು ನಿಂತಿರಬೇಕು. ಕಾಲು ಊರಿದ್ದವು, ಮೈ ತೂಗಿತ್ತು. ಚಿತ್ರದಲ್ಲಿ ಚಪ್ಪಲಿ ಮೆಟ್ಟಿದ ಎರಡು ಕಾಲು, ಬೆರಳಿನ ಬಿರುಕೂ ಕಾಣುವಷ್ಟು ಸ್ಪಷ್ಟ. ಮೊಣಕಾಲಿನಿಂದ ಮೇಲೆ ಬರೀ ಹೊಗೆ.

"ಇವರ ರೀ," ಎಂದಳು ಗಂಗವ್ವ ತಟ್ಟನೆ. "ಎಡಗಾಲ ಒಳಗ ತಿರುಗೈತಿ ನೋಡ್ರಿ." ಆಮೇಲೆ ಕಮಲಿಯ ತಲೆ ಸವರಿ, "ಈಕಿಗೆ ಮಾರಿ ಬೇಕ್ರಿ. ಈಗ ತೋರಸಲಿಲ್ಲಂದ್ರ ಅಪ್ಪನ ಮಾರೀನ ಮರತ ಬಿಡತೈತಿ ಪೋರಿ" ಎಂದಳು.

ಮುಖ ಕಟ್ಟುವುದು ರಾಜೇಸಾಬನಿಗೆ ಹೊಸತಲ್ಲ. ತೀರಿಕೊಂಡವರ ಮುಚ್ಚಿದ ಕಣ್ಣುಗಳನ್ನು ಸೀಸದ ಕಡ್ಡಿಯಿಂದ ತೆರೆಸುತ್ತಿದ್ದ, ಕೋಟು ಕಾಣದವರಿಗೆ ಕೋಟು ತೊಡಿಸುತ್ತಿದ್ದ. ಗಂಗವ್ವ ಹೇಳಿದಂತೆ ಹಳೇ ನೆಗೆಟಿವ್‌ಗಳಿಂದ ಒಬ್ಬರ ಮೂಗು, ಒಬ್ಬರ ಮೀಸೆ ಆರಿಸಿಟ್ಟ. ಕಣ್ಣಿಗೆ ಬಂದಾಗ ತಲೆಯೆತ್ತಿ ನನ್ನನ್ನೇ ನೋಡಿದ. "ದೀಪದ ಮುಂದ ಕುಂದರ್ರಿ ಸಾಹೇಬ್ರ. ನಿಮ್ಮ ಕಣ್ಣಾಗ ಯಾವಾಗ್ಲೂ ಒಂದ ಕಾಳಜಿ ಐತ್ರಿ. ಅಪ್ಪನ ಫೋಟೋಕ್ಕ ಅಂಥಾ ಕಣ್ಣ ಚಲೋ."

ಬದುಕಿರುವವನ ಫೋಟೋಕ್ಕೆ ಮಾಲೆ ಹಾಕಿದರೆ ಆಯುಷ್ಯ ಕಡಿಮೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಬರೀ ಕಣ್ಣಿಗೆ ಹಾಕಿದರೆ ಎಷ್ಟು ಕಡಿಮೆಯೋ ಹೇಳಿರಲಿಲ್ಲ. ಆದರೂ ದೀಪದ ಮುಂದೆ ಕೂತೆ, ರಾಜೇಸಾಬ ನನ್ನದೊಂದು ಫೋಟೋ ತೆಗೆದ.

ಆ ವಾರವಿಡೀ ನಾಡಿ ಹಿಡಿದುಕೊಂಡೇ ನಕಲು ಬರೆದೆ. ರೆಪ್ಪೆ ಅದುರಿದರೂ ಅಲ್ಲಿ ಮಾಲೆ ಬಿತ್ತೆಂದು ಬೆವರಿದೆ. ಅದಕ್ಕಿಂತ ಹೆಚ್ಚಾಗಿ, 'ಅಸಲಿನಂತೆ ನಕಲು' ಎಂದು ಬರೆಯುವ ನಾನೇ ಅಸಲಿಲ್ಲದ ನಕಲಿಗೆ ಕಣ್ಣು ಕೊಟ್ಟು, ಒಂದು ಮಗು ಜೀವಮಾನವಿಡೀ ಅಪ್ಪನೆಂದು ನಂಬುವ ಸುಳ್ಳಿಗೆ ಸಾಕ್ಷಿಯಾದೆನಲ್ಲ ಎಂಬುದು ಕೊರೆಯಿತು. ಮರುಭಾನುವಾರ, ತಿದ್ದುವುದಿದೆಯೆಂದು ಹೇಳಿ ಫೋಟೋ ಹಿಂದಕ್ಕೆ ತರುವುದೇ ಸೈ ಎಂದು ವಖಾರದ ಹಿಂದಿನ ಓಣಿಯಲ್ಲಿದ್ದ ಗಂಗವ್ವನ ಮನೆಗೆ ಹೋದೆ.

ಬಾಗಿಲಲ್ಲಿ ನಿಂತೆನಷ್ಟೆ. ಒಳಗೆ ಗೋಡೆಯ ಮೇಲೆ, ಚೆಂಡುಹೂವಿನ ಮಾಲೆಯ ನಡುವಿನಿಂದ, ನಾನು ನನ್ನನ್ನೇ ನೋಡುತ್ತಿದ್ದೆ. ಅದರೆದುರು ಕಮಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಿ, ಪಟದ ಕಣ್ಣು ಬೆನ್ನು ಹತ್ತುವುದನ್ನು ಪರೀಕ್ಷಿಸುತ್ತಿದ್ದಳು. ತಿರುಗಿ ನನ್ನನ್ನು ನೋಡಿದಳು, ಪಟ ನೋಡಿದಳು, ಮತ್ತೆ ನನ್ನನ್ನು. ಅಂಜಲಿಲ್ಲ.

"ಅವ್ವಾ, ಅಪ್ಪನ ಕಣ್ಣ ಬಾಗಲದಾಗ ಬಂದ ನಿಂತಾವ!"

ಗಂಗವ್ವ ಕೈ ಒರೆಸಿಕೊಳ್ಳುತ್ತ ಹೊರಬಂದಳು. ನನ್ನ ಮುಖ ನೋಡಿಯೇ ಆಕೆಗೆ ಅರ್ಥವಾಗಿರಬೇಕು.

"ತಗೊಂಡ ಹೋಗಾಕ ಬಂದೀರೇನ್ರಿ?"

ನಾನು ಪಟದಿಂದ ಕಣ್ಣು ಕಿತ್ತು ಹೊಸ್ತಿಲು ನೋಡಿದೆ.

"ನಮ್ಮವರ ಕಣ್ಣ ಇಷ್ಟ ದೊಡ್ಡವು ಇರಲಿಲ್ರಿ. ನಿಮ್ಮವ ಅಂತ ಗೊತ್ತೈತಿ. ಪೋರಿ ಒಬ್ಬಾಕಿನ ಮನ್ಯಾಗ ಇರಾಕ ಅಂಜತಿತ್ತು. ಈಗ, 'ಅಪ್ಪ ನೋಡಾಕತ್ತಾನ, ನೀ ಹೋಗು' ಅಂತ ನನ್ನ ಕೆಲಸಕ್ಕ ಕಳಸತೈತಿ." ಆಕೆ ಪಟದ ಕೆಳಗೆ ಬೆರಳು ತೋರಿಸಿದಳು. ಅಲ್ಲಿ, ಮಾಲೆಯಿಲ್ಲದೆ, ಕುಂಕುಮದ ಬೊಟ್ಟು ಮಾತ್ರ ಇಟ್ಟು, ಆ ಹೊಗೆಯ ಚಿತ್ರ, ಎರಡು ಕಾಲು. "ಮ್ಯಾಲಿಂದು ಆಕಿಗಿ. ಕೆಳಗಿಂದು ನನಗ."

"ಇಲ್ಲ ತಂಗಿ, ಚಲೋ ಬಂದೈತೇನಂತ ನೋಡಾಕ ಬಂದಿದ್ದೆ," ಎಂದೆ. ನಾನು ಆಡಿದ ಸುಳ್ಳುಗಳಲ್ಲಿ ಅಸಲಿಗೆ ಅತಿ ಹತ್ತಿರದ್ದು ಅದೇ.

ಅದಾಗಿ ಹತ್ತು ವರ್ಷವಾಗುತ್ತ ಬಂತು. ಅಜ್ಜಿಯ ಮಾತು ನಿಜವಾಗಿಲ್ಲ, ಅಥವಾ ಸಾವಕಾಶವಾಗಿ ಆಗುತ್ತಿದೆ. ಕೋರ್ಟಿನಲ್ಲಿ ಬರೆಯುತ್ತ ಕೂತಾಗ ಒಮ್ಮೊಮ್ಮೆ ನನ್ನ ಕಣ್ಣು ತಾವಾಗಿ ಎಡದಿಂದ ಬಲಕ್ಕೆ ಯಾರನ್ನೋ ಹಿಂಬಾಲಿಸಿ ಹೋಗುತ್ತವೆ. ಅಲ್ಲಿ ಯಾರೂ ಇರುವುದಿಲ್ಲ. ಮೊದಮೊದಲು ಕಣ್ಣಿನ ಡಾಕ್ಟರರ ಬಳಿ ಓಡಿದ್ದೆ. ಈಗ, ಆ ಪಟದೆದುರು ಮಗು ಎಡವದೆ ದಾಟಿತೆಂದುಕೊಂಡು ಬರವಣಿಗೆ ಮುಂದುವರಿಸುತ್ತೇನೆ.

ಈ ದೀಪಾವಳಿಗೂ ಡಬ್ಬಿ ಇಳಿಸಿದ್ದೇನೆ. ಅಂದು ರಾಜೇಸಾಬ ತೆಗೆದ ನನ್ನ ನೆಗೆಟಿವ್ ಕಿಟಕಿಯ ಬೆಳಕಿನಲ್ಲಿದೆ: ತಲೆಯೆಲ್ಲ ಬಿಳಿ, ಕಣ್ಣಿನ ಬಿಳುಪೆಲ್ಲ ಕಪ್ಪು, ನಡುವೆ ಉರಿಯುವ ಎರಡು ಬಿಳಿ ಬೊಟ್ಟು. ಪಕ್ಕದ ಕನ್ನಡಿಯಲ್ಲಿ ನೋಡಿಕೊಂಡರೆ ಕೂದಲು ಆಗಲೇ ಅದರಂತಾಗಿದೆ. ಕಣ್ಣಿನ ಸರದಿ ಉಳಿದಿದೆ. "ಒಗದ್ರೇನ್ರಿ?" ಎಂದು ಹೆಂಡತಿ ಒಳಗಿಂದ ಕೂಗುತ್ತಾಳೆ. ನಾನು ಮುಚ್ಚಳ ಹಾಕಿ, ಸ್ಟೂಲು ಎಳೆದು, ಎಡಗಾಲು ಗಟ್ಟಿಯಾಗಿ ಊರಿದೆಯೇ ಎಂದು ನೋಡಿಕೊಂಡು, ಡಬ್ಬಿಯನ್ನು ಮತ್ತೆ ಅಟ್ಟಕ್ಕೇರಿಸುತ್ತೇನೆ.