ಸಾರಿನ ಉಪ್ಪು ನೋಡಿದ ಹೆಡ್‌ ಮೇಡಂ

ಆಂಧ್ರದ ಆದೋನಿ ಸೀಮೆಯ ಕನ್ನಡ ಶಾಲೆಗಳ ಮಾತು ಬಂದಲ್ಲೆಲ್ಲ ಶ್ರೀಮತಿ ದಸ್ತಗಿರಮ್ಮನವರ ಹೆಸರು ಬಾರದೆ ಮಾತು ಮುಗಿಯುವುದಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ಈ ಗಡಿಯ ಮಕ್ಕಳಿಗೆ ಮೂವತ್ತು ವರ್ಷಕ್ಕೂ ಮಿಕ್ಕಿ ಅಕ್ಷರ ಕಲಿಸಿ, ಓದುವ ಚಟ ಹತ್ತಲೆಂದು ಬಳ್ಳಾರಿಯಿಂದ ಕಥೆ ಪುಸ್ತಕಗಳನ್ನು ಬಸ್ಸಿಗೆ ಹೇರಿಕೊಂಡು ತಂದು, ಈಗ ನಿವೃತ್ತರಾಗುತ್ತಿರುವ ಈ ಹಿರಿಯರನ್ನು ಅಭಿನಂದಿಸುವುದು ನಮ್ಮ ಭಾಗ್ಯ.

ಅವರು ಹುಟ್ಟಿದ್ದು ನಾಗಲದಿನ್ನೆಯ ಕುರಿಗಾರರ ಮನೆಯಲ್ಲಿ. ಹೆತ್ತ ಮಕ್ಕಳು ಉಳಿಯದೆ ಸೋತಿದ್ದ ತಾಯಿ ಉಚ್ಚಮ್ಮ ಸೂಫಿ ಸಂತ ದಸ್ತಗಿರಿ ಸ್ವಾಮಿಗೆ ಹರಕೆ ಹೊತ್ತು, ದರ್ಗಾದಲ್ಲಿ ಸಕ್ಕರೆಯಿಟ್ಟು ಪ್ರಾರ್ಥನೆ ಓದಿಸಿ, ಉಳಿದ ಮಗಳಿಗೆ ಆ ಹೆಸರನ್ನೇ ಇಟ್ಟರು. ಈ ಭಾಗದ ಹಿಂದೂ ಮನೆಗಳಲ್ಲಿ ಇಂಥ ಹೆಸರು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಮೊದಲ ನೇಮಕದ ಊರಿನಲ್ಲಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೊರಟಿದ್ದ ಲಾವಣ್ಯ ಎಂಬ ಹುಡುಗಿಯ ತಂದೆತಾಯಿಯನ್ನು ಒಪ್ಪಿಸಿ, ಆಕೆಯನ್ನು ಬಸ್ಸಿನಿಂದಿಳಿಸಿಕೊಂಡು ತಮ್ಮ ಮನೆಯಲ್ಲಿಟ್ಟು ಓದಿಸಿದರು. ಆಕೆ ಇಂದು ಗೋನೆಗಂಡ್ಲದ ಕಡೆ ನರ್ಸ್. ಮೇಡಂ ಬೈಯುವುದರಲ್ಲೂ ಧಾರಾಳಿ ಎಂಬುದನ್ನು ಮುಚ್ಚಿಡಬೇಕಿಲ್ಲ. ಅವರಿಂದ ಬೈಸಿಕೊಳ್ಳದವರು ಈ ಅಭಿನಂದನ ಸಂಪುಟದ ಸಮಿತಿಯಲ್ಲಿ ಒಬ್ಬರೂ ಇಲ್ಲ.

ಆದರೂ ಅವರನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಅವರು ಮುಖ್ಯೋಪಾಧ್ಯಾಯಿನಿಯಾಗಿದ್ದ ಹಳ್ಳಿಯ ಶಾಲೆಯ ಅಡುಗೆಕೋಣೆ. ಅಲ್ಲಿ ಬಿಸಿಯೂಟ ಮಾಡುತ್ತಿದ್ದವರು ಖಾಜಾಬಿ. ರಂಜಾನ್ ತಿಂಗಳಲ್ಲಿ ಉಪವಾಸವಿದ್ದೇ ಒಲೆಯ ಮುಂದೆ ನಿಲ್ಲುವ ಆಕೆ ಏನನ್ನೂ ಬಾಯಿಗಿಡುವಂತಿಲ್ಲ. ಆದ್ದರಿಂದ ಉಪ್ಪು ಖಾರ ನೋಡುವ ಕೆಲಸ ಆ ತಿಂಗಳೆಲ್ಲ ಮೇಡಂ ಅವರದು. ಅಂಗೈಗೆ ಬಿಸಿ ಸಾರು ಹಾಕಿಸಿಕೊಂಡು ಚಪ್ಪರಿಸಿ, “ಹುಣಸಿಹಣ್ಣು ಪುಕ್ಕಟೆ ಸಿಕ್ಕಿತ್ತೇನು ಖಾಜಾಬಿ?” ಎಂದು ರೇಗಿಸುತ್ತಿದ್ದರು.

ಚುನಾವಣೆ ಹತ್ತಿರವಾಗಿದ್ದ ಒಂದು ರಂಜಾನಿನಲ್ಲಿ, ಊಟವಾದ ಮೇಲೆ ಹಲವು ಮಕ್ಕಳಿಗೆ ವಾಂತಿಭೇದಿ ಹತ್ತಿತು. ಅವರನ್ನೆಲ್ಲ ಆಸ್ಪತ್ರೆಗೆ ಸೇರಿಸಿ, ಅನ್ನ, ಸಾರು, ನೀರು ಮೂರನ್ನೂ ಪರೀಕ್ಷೆಗೆ ಕಳಿಸಿದ ಮೇಡಂ, ಮರುದಿನ ಬೇರೆಡೆಯಿಂದ ನೀರು ತರಿಸಿ ಅಡುಗೆ ಮಾಡಿಸಿದರು. ಬಂದಿದ್ದ ಕೆಲವೇ ಮಕ್ಕಳಿಗೆ ಬಡಿಸುವ ಹೊತ್ತಿಗೆ, ಮತ ಕೇಳಲು ವಿಷಯ ಹುಡುಕುತ್ತಿದ್ದ ಮುಖಂಡರೊಬ್ಬರು ಜನ ಕಟ್ಟಿಕೊಂಡು ಬಂದರು. ಹೆಸರಷ್ಟೇ ಕೇಳಿ, ಅಡುಗೆಯವಳೂ ಹೆಡ್‌ ಮೇಡಮ್ಮೂ ಒಂದೇ ಮತದವರು, ಇಬ್ಬರೂ ಕೂಡಿ ವಿಷ ಹಾಕಿದ್ದಾರೆ ಎಂದು ಬರುವ ಮೊದಲೇ ವಾಟ್ಸಾಪ್‌ನಲ್ಲಿ ಹಬ್ಬಿಸಿಯೂ ಆಗಿತ್ತು. ಬಂದು ನೋಡಿದರೆ ದಸ್ತಗಿರಮ್ಮನವರ ಹಣೆಯ ಮೇಲೆ ಕಾಸಗಲ ಕುಂಕುಮ! ತಬ್ಬಿಬ್ಬಾದ ಮುಖಂಡರು ಮಾತು ತಿರುಗಿಸಿದರು.

“ನೀವು ನಮ್ಮೋರು ಮೇಡಂ, ನಿಮ್ಮ ತಪ್ಪೇನಿಲ್ಲ ಬಿಡ್ರಿ. ಎಲ್ಲಾ ಮಾಡಿದಾಕಿ ಈಕಿ. ತಾನು ಮಾಡಿದ ಅಡಿಗಿ ತಾನ ತಿಂದಿಲ್ಲ, ಯಾಕ? ತಪ್ಪಿಲ್ಲಾಂದ್ರ ಈಗ ಎಲ್ಲರ ಮುಂದ ತಿನ್ಲಿ. ಇಲ್ಲಾಂದ್ರ ಇವತ್ತ ಕೆಲಸದಿಂದ ತೆಗೀರಿ.”

ಖಾಜಾಬಿಯವರಿಗೆ ಬುದ್ಧಿ ಬಂದಾಗಿನಿಂದ ತಪ್ಪದೆ ನಡೆಸಿಕೊಂಡು ಬಂದ ರೋಜಾ ಉಪವಾಸ ಒಂದು ಕಡೆ, ಮನೆಯ ಒಲೆ ಉರಿಸುವ ಕೆಲಸ ಇನ್ನೊಂದು ಕಡೆ. ಕಣ್ಣೊರೆಸಿಕೊಂಡು ಅನ್ನದ ತಾಟು ಎತ್ತಿಕೊಂಡರು. ತುತ್ತು ಕಲಸುವಷ್ಟರಲ್ಲಿ ದಸ್ತಗಿರಮ್ಮನವರು ತಾಟನ್ನು ಕಸಿದುಕೊಂಡರು.

“ನಿನ್ನ ರೋಜಾ ನಿನ್ನದು ಖಾಜಾಬಿ. ಅದನ್ನ ಮುರಿದು ಯಾರಿಗೂ ಪುರಾವೆ ಕೊಡಬ್ಯಾಡ,” ಎಂದವರೇ ಮುಖಂಡರತ್ತ ತಿರುಗಿದರು. “ನಿನ್ನೆ ಆ ಸಾರು ರುಚಿ ನೋಡಿದಾಕಿ ನಾನು. ನನ್ನ ಕುಂಕುಮ ನೋಡಿ ತಪ್ಪಿಲ್ಲ ಅಂತೀರಿ, ಆಕಿ ಹೆಸರು ಕೇಳಿ ತಪ್ಪೈತಿ ಅಂತೀರಿ. ಆ ಸಾರಿನಾಗ ಏನೈತಿ ಅಂತ ಒಬ್ಬರೂ ಕೇಳಲಿಲ್ಲಲ್ರಿ! ತೆಗೆಯೋದಾದ್ರ ಮೊದಲು ನನ್ನ ತೆಗೀರಿ.”

ಗದ್ದಲವೆದ್ದಿತು. ಆಗ ಮುಂದೆ ಬಂದವರು ಬಸವಕ್ಕ. ಅವರ ಮಗಳು ಇನ್ನೂ ಆಸ್ಪತ್ರೆಯಲ್ಲಿದ್ದಳು. “ಸಿಟ್ಟು ಬರೋದಾದ್ರ ನನಗ ಬರಬೇಕು. ನನ್ನ ಮಗಳ ಪಕ್ಕದ ಮಂಚದಾಗ ಈಕಿ ಮೊಮ್ಮಗಳೂ ಮಲಗ್ಯಾಳ. ಸ್ವಂತ ಮೊಮ್ಮಗಳಿಗೆ ಯಾರರ ವಿಷ ಹಾಕ್ತಾರೇನು?” ಎನ್ನುತ್ತ ಮೇಡಂ ಕೈಯಲ್ಲಿದ್ದ ತಾಟನ್ನು ತಾವೇ ಇಸಿದುಕೊಂಡು, ಅಲ್ಲೇ ಕುಳಿತು ಉಂಡರು. ಉಣ್ಣುವ ತಾಯಿಯ ಎದುರು ಗುಂಪು ಒಬ್ಬೊಬ್ಬರಾಗಿ ಕರಗಿತು.

ಮಕ್ಕಳೆಲ್ಲ ಗುಣವಾಗಿ ಮನೆಗೆ ಬಂದರು. ಕೆಟ್ಟಿದ್ದು ಕುಡಿಯುವ ನೀರಿನ ತೊಟ್ಟಿ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಮುಖಂಡರ ವಾಟ್ಸಾಪ್ ಅಂದಿನಿಂದ ಮೌನವ್ರತ ಹಿಡಿಯಿತು. ಮೇಡಂ ಮಾತ್ರ ಸುಮ್ಮನಿರಲಿಲ್ಲ. ತೊಟ್ಟಿ ತೊಳೆಸುವ ಹೊಣೆ ತಮ್ಮದಾಗಿತ್ತು, ಅದರಲ್ಲಿ ತಪ್ಪಿದೆನೆಂದು ಪೋಷಕರ ಸಭೆಯಲ್ಲಿ ಕೈಮುಗಿದರು, ಮೇಲಿನವರು ಕೊಟ್ಟ ಮೆಮೊವನ್ನು ಮರುಮಾತಿಲ್ಲದೆ ತೆಗೆದುಕೊಂಡರು. ತಮ್ಮ ತಪ್ಪನ್ನು ತಾವು ಹೊರುವ ಇಷ್ಟು ಸರಳ ನಡತೆ ನಮ್ಮ ನಾಯಕರಿಗೆ ಏಕೆ ಇಷ್ಟು ಭಾರವೋ, ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಖಾಜಾಬಿಯವರು ಈಗಲೂ ಅದೇ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಾರೆ.

ನಿವೃತ್ತಿಯ ನಂತರವೂ ಮನೆಯ ಕಟ್ಟೆಯ ಮೇಲೆ ಕನ್ನಡ ಕಲಿಸುವೆನೆಂದು ಹೊರಟಿರುವ ದಸ್ತಗಿರಮ್ಮನವರಿಗೆ ತುಂಬು ಆಯುಸ್ಸು, ಗಟ್ಟಿ ಆರೋಗ್ಯ, ಕಟ್ಟೆ ತುಂಬ ಮಕ್ಕಳು ಇರಲೆಂದು ಮನಸಾರೆ ಹಾರೈಸುತ್ತೇವೆ. ಮೇಲಿನ ಪ್ರಸಂಗವನ್ನು ಬರೆಯುತ್ತೇವೆಂದು ತಿಳಿಸಿದಾಗ ಅವರು ಮುಖ ಗಂಟಿಕ್ಕಿದ್ದರು.

“ದೊಡ್ಡ ಉಪಕಾರ ಮಾಡೀನಿ ಅಂತ ಬರೀಬ್ಯಾಡ್ರಿ. ಆಕಿ ಕೆಲಸ ಆಕಿದು, ಆಕಿ ರೋಜಾ ಆಕಿದು. ನಾನೇನು ಕೊಟ್ಟೀನಿ? ಕಸಗೊಳ್ಳಾಕ ಬಿಡಲಿಲ್ಲ, ಅಷ್ಟ.”

ಅಷ್ಟನ್ನೇ ಬರೆದಿದ್ದೇವೆ, ಮೇಡಂ.