ಕತ್ತಲೆರಾಯರ ಏಳನೆಯ ಪ್ಲಗಿನ್

ನಮ್ಮ ಭಾವ ಯಾರದಾದರೂ ಮನೆಯ ಹೊಸ್ತಿಲು ದಾಟಿದರೆ ಸೂರ್ಯನೂ ಒಂದು ಕ್ಷಣ ಯೋಚನೆಗೆ ಬೀಳುತ್ತಾನೆ, ಇರಲೋ ಹೋಗಲೋ ಎಂದು. ಇದು ಉತ್ಪ್ರೇಕ್ಷೆ ಎನ್ನುವವರು ನಮ್ಮ ಬೀದಿಯವರನ್ನು ಕೇಳಿ ನೋಡಲಿ. ಯಾರ ಮನೆಯಲ್ಲಿ ಏನೇ ಕೆಡಲಿ, ಅವರು ಮಾಡುವ ಮೊದಲ ಕೆಲಸ ಎಲ್ಲವನ್ನೂ ಆರಿಸುವುದು. ಫ್ಯಾನು, ದೀಪ, ಫ್ರಿಜ್ಜು, ಟೀವಿ ಎಲ್ಲ ಆರಬೇಕು. ಗೋಡೆ ಗಡಿಯಾರದ ಬ್ಯಾಟರಿಗೂ ವಿನಾಯಿತಿ ಇಲ್ಲ. ಆಮೇಲೆ ಕತ್ತಲಲ್ಲಿ ನಿಂತು ಒಂದು ಹಾಕುವುದು, ಕಿವಿಗೊಡುವುದು, ಇನ್ನೊಂದು ಹಾಕುವುದು, ಮತ್ತೆ ಕಿವಿಗೊಡುವುದು. ಹಿಂದಿನ ಕಾಲದ ದೊರೆಗಳು ದಂಡು ಕಟ್ಟಿಕೊಂಡು ಹೋಗಿ ಶತ್ರುವನ್ನು ಹುಡುಕುತ್ತಿದ್ದರು. ನಮ್ಮ ಭಾವನದು ಬೇರೆಯೇ ರಣತಂತ್ರ: ತನ್ನ ದಂಡನ್ನೆಲ್ಲ ಮಲಗಿಸಿ, ಒಬ್ಬೊಬ್ಬನನ್ನೇ ಎಬ್ಬಿಸಿ, ದ್ರೋಹಿ ಯಾರೆಂದು ಪತ್ತೆ ಹಚ್ಚುವುದು. ಬೀದಿಯವರು ಅವರಿಗೆ ಕತ್ತಲೆರಾಯರು ಎಂದು ಪಟ್ಟ ಕಟ್ಟಿದ್ದರು.

ನನ್ನ ಎದೆಯುರಿಗೂ ಇದೇ ಚಿಕಿತ್ಸೆ ಆಯಿತು. ಎರಡು ದಿನ ಬರೀ ನೀರು. ಮೂರನೆಯ ದಿನ ಅನ್ನ, ನಾಲ್ಕನೆಯ ದಿನ ಬೇಳೆ. ಹತ್ತನೆಯ ದಿನ, ನನ್ನ ಪ್ಯಾಂಟು ಸೊಂಟದಲ್ಲಿ ನಿಲ್ಲದ ಹೊತ್ತಿಗೆ, ಅಪರಾಧಿ ಸಿಕ್ಕಿಬಿದ್ದ: ನಾನು ದಿನಕ್ಕೆ ಆರು ಸಲ ಕುಡಿಯುತ್ತಿದ್ದ ಕಾಫಿ. ವೈದ್ಯರು ಮೊದಲ ದಿನವೇ ಅದನ್ನು ಹೇಳಿದ್ದರು. ಆದರೆ ವೈದ್ಯರದು ಊಹೆ, ಭಾವನದು ರುಜುವಾತು.

ಭಾವ ಅಂದರೆ ನನ್ನ ಅಕ್ಕನ ಗಂಡ. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ತೇಯುತ್ತಾರೆ. ತಿರುಗುವ ಕಲ್ಲು, ಅದರ ಮೇಲೆ ತೊಟ್ಟಿಕ್ಕುವ ನೀರು, ತೋಳಿನ ಮೇಲೆಲ್ಲ ಬಿಳಿ ಪುಡಿ. ಮೂವತ್ತು ವರ್ಷ ಊರಿನವರ ಕಣ್ಣು ಸರಿಮಾಡಿ ತಮ್ಮ ಕಣ್ಣು ಹಾಳುಮಾಡಿಕೊಂಡವರು. ಅವರು ಕಂಪ್ಯೂಟರಿಗೆ ಬಿದ್ದದ್ದು ಅಕ್ಕನ ದೆಸೆಯಿಂದ.

ನಮ್ಮ ಅಮ್ಮ ಪಾರ್ಶ್ವವಾಯು ಹೊಡೆದು ಮಲಗಿದಾಗ ಅಕ್ಕ ಒಂದು ಗಾಲಿಕುರ್ಚಿ ಕೊಂಡಳು. ಅಮ್ಮ ಹೋದ ಮೇಲೆ ಕುರ್ಚಿ ಉಳಿಯಿತು. ಪಕ್ಕದ ಬೀದಿಯವರು ಕೇಳಿದರು, ಕೊಟ್ಟಳು. ಅದು ವಾಪಸ್ಸು ಬರುವಾಗ ಜೊತೆಯಲ್ಲಿ ಒಂದು ಊರುಗೋಲೂ ಬಂತು. ಹೀಗೇ ಬೆಳೆದು, ಮನೆಯ ಮುಂದಿನ ಕೋಣೆ ಎರವಲು ಕೋಣೆಯಾಯಿತು: ಆರು ಗಾಲಿಕುರ್ಚಿ, ಮೂರು ಮಡಚುವ ಮಂಚ, ಒಂದು ಉಸಿರಾಟದ ಯಂತ್ರ. ಯಾರ ಹತ್ತಿರ ಯಾವುದಿದೆ, ಎಂದು ಬರುತ್ತದೆ ಎಂಬುದು ಅಕ್ಕನ ತಲೆಯಲ್ಲೂ ನಿಲ್ಲಲಿಲ್ಲ, ಪುಸ್ತಕದಲ್ಲೂ ನಿಲ್ಲಲಿಲ್ಲ. ಭಾವ ಅವಳಿಗೊಂದು ವೆಬ್‌ಸೈಟ್ ಮಾಡಲು ಕೂತರು.

ಇಂಥ ಉಚಿತ ವೆಬ್‌ಸೈಟ್ ತಂತ್ರಾಂಶ ಬೋಳು ಮನೆ ಇದ್ದ ಹಾಗೆ. ಗೋಡೆ, ಬಾಗಿಲು ಇರುತ್ತವೆ. ಗೂಟ, ಕಪಾಟು, ಕರೆಗಂಟೆಗಳನ್ನು ಎಲ್ಲೆಲ್ಲಿಯದೋ ಪುಣ್ಯಾತ್ಮರು ಬಿಡುವಿನಲ್ಲಿ ಮಾಡಿ ಪುಕ್ಕಟೆ ಹಂಚುತ್ತಾರೆ. ಅವಕ್ಕೆ ಪ್ಲಗಿನ್ ಎಂದು ಹೆಸರು. ಒಬ್ಬ ಮಾಡಿದ್ದನ್ನು ಇನ್ನೊಬ್ಬ ನೋಡಿರುವುದಿಲ್ಲ. ಆದ್ದರಿಂದ ಒಮ್ಮೊಮ್ಮೆ ಕರೆಗಂಟೆ ಒತ್ತಿದರೆ ಕಪಾಟು ಬೀಳುತ್ತದೆ. ಆಗ ಆ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಮದ್ದು ಒಂದೇ: ಎಲ್ಲವನ್ನೂ ಆರಿಸಿ, ಒಂದೊಂದಾಗಿ ಹಾಕುವುದು. ಭಾವ ಅದನ್ನು ಅಲ್ಲಿ ಕಲಿತು ಫ್ರಿಜ್ಜಿಗೆ, ನನ್ನ ಹೊಟ್ಟೆಗೆ ವಿಸ್ತರಿಸಿದರು, ಅಷ್ಟೇ.

ಅಕ್ಕನಿಗೆ ಬೇಕಾದಂಥ ಎರವಲಿನ ಕ್ಯಾಲೆಂಡರ್ ಎಲ್ಲೂ ಸಿಗದೆ, ತಾವೇ ಒಂದು ಪ್ಲಗಿನ್ ಬರೆದರು. ಅದರಲ್ಲಿ ಮೂರು ಗುಂಡಿ. ಮೂರರ ಮೇಲಿನ ಮಾತೂ ಅಕ್ಕನದೇ, ಅವಳು ಅಡುಗೆಮನೆಯಿಂದ ಕೂಗಿ ಹೇಳಿದ್ದು: 'ಬೇಕು', 'ತಂದುಕೊಟ್ಟೆ', 'ಇನ್ನೆರಡು ದಿನ ಇರಲಿ'. ಮೂರನೆಯದು ಯಾಕೆ ಎಂದು ಭಾವ ಕೇಳಿದ್ದಕ್ಕೆ, ಕಾಯಿಲೆ ಮನೆಯವರು ಯಾವಾಗಲೂ ಕೇಳುವುದು ಅದನ್ನೇ ಎಂದಿದ್ದಳಂತೆ.

ಪ್ಲಗಿನ್ನನ್ನು ಭಾವ ಎಲ್ಲರಿಗೂ ಉಚಿತವಾಗಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ನಾಲ್ಕು ಸಾವಿರ ಕಡೆ ಅದು ಓಡುತ್ತಿತ್ತು. ದೋಣಿ ಕೊಡುವವರು, ಗ್ರಂಥಾಲಯದವರು, ಹಲ್ಲಿನ ಡಾಕ್ಟರುಗಳು. ಕಂಡು ಕೇಳರಿಯದ ಭಾಷೆಗಳಲ್ಲಿ ಅಕ್ಕನ 'ಇನ್ನೆರಡು ದಿನ ಇರಲಿ' ಮೊಳಗಿತು. ಸಾಮ್ರಾಜ್ಯ ಅಂದರೆ ಅದು. ಚಕ್ರವರ್ತಿಗಳು ಬೆಳಿಗ್ಗೆ ಐದಕ್ಕೆ ಎದ್ದು, ಲುಂಗಿಯುಟ್ಟು, ಅಂಗಡಿಗೆ ಹೊರಡುವ ತನಕ ಪ್ರಜೆಗಳ ದೂರು ಓದುತ್ತಿದ್ದರು. ಪುಕ್ಕಟೆ ಪಡೆದವನ ಸಿಟ್ಟು ಎಷ್ಟಿರುತ್ತದೆ ಎಂಬುದನ್ನು ನಾನು ಅವರ ಭುಜದ ಮೇಲಿಂದ ಓದಿ ಬಲ್ಲೆ. ಐದು ನಕ್ಷತ್ರಕ್ಕೆ ಒಂದು ಕೊಟ್ಟು, ನಿನ್ನಿಂದ ನನ್ನ ದೋಣಿ ವ್ಯಾಪಾರ ಮುಳುಗಿತು ಎಂದು ಒಬ್ಬ ಬರೆದಿದ್ದ. ಮುಳುಗುವ ವ್ಯಾಪಾರ ಆರಿಸಿಕೊಂಡವನು ನೀನೇ ಎಂದು ಉತ್ತರ ಕೊಡಿ ಅಂತ ನಾನು ಹೇಳಿಕೊಟ್ಟೆ. ಭಾವ ಬರೆದದ್ದು: ದಯವಿಟ್ಟು ಎಲ್ಲವನ್ನೂ ಆರಿಸಿ, ಒಂದೊಂದಾಗಿ ಹಾಕಿ ನೋಡಿ.

ಬೈಗುಳ ಬರುತ್ತಿದ್ದದ್ದು ಎಲ್ಲರೂ ನೋಡುವ ಫಲಕದ ಮೇಲೆ. ಭಾವನದೇ ಒಂದು ಪುಟವೂ ಇತ್ತು. ಅಲ್ಲಿ ಬರೆದ ಕಾಗದ ನೇರ ಅವರಿಗೆ ತಲುಪುತ್ತಿತ್ತು. ಒಳ್ಳೆಯ ಮಾತು ಬರುತ್ತಿದ್ದದ್ದು ಆ ದಾರಿಯಲ್ಲಿ. ಹೊಗಳುವವರಿಗೆ ಅದೇಕೋ ನಾಚಿಕೆ, ಬೈಯುವವರಿಗೆ ಸಭೆ ಬೇಕು.

ಮೂರು ವರ್ಷದ ಹಿಂದೆ ಅಕ್ಕ ಕಾಯಿಲೆ ಬಿದ್ದಳು. ತಾನೇ ಕೊಡುತ್ತಿದ್ದ ಮಂಚದಲ್ಲಿ ತಾನೇ ಮಲಗಿದಳು. ಭಾವ ತಮ್ಮ ಪುಟದಲ್ಲಿ ಎರಡು ಸಾಲು ಹಾಕಿದರು: ಹೆಂಡತಿಗೆ ಹುಷಾರಿಲ್ಲ, ಉತ್ತರ ತಡವಾಗಬಹುದು. ಈ ಕೆಲಸದಲ್ಲಿ ಯಾರಾದರೂ ಕೈಜೋಡಿಸುವುದಿದ್ದರೆ ಬರೆಯಿರಿ. ಮರುದಿನ ಬೆಳಿಗ್ಗೆಯೇ ಅಕ್ಕ ಹೋದಳು.

ಆಮೇಲೆ ಭಾವ ಕಲ್ಲಿನಂತಾದರು. ಅತ್ತದ್ದು ನಾನು, ಹರಟಿದ್ದೂ ನಾನು. ಅವರು ತೇಯಲು ಹೋದರು, ಬಂದರು, ದೂರು ಓದಿದರು, ಆರಿಸಿ ಹಾಕಿ ಎಂದು ಬರೆದರು. ಎರವಲು ಕೋಣೆಯನ್ನು ಅಕ್ಕನ ಮಗಳು ನೋಡಿಕೊಂಡಳು.

ಈ ವರ್ಷ ಹೊಸ ಶತ್ರು ಬಂದ. ವೆಬ್‌ಸೈಟನ್ನು ಬೇಗ ತೆರೆಸುವ ಯಾವುದೋ ಪ್ಲಗಿನ್. ಬೇಗ ಆಗಲೆಂದು ಅದು ಪುಟದ ಹಳೆಯ ಪ್ರತಿಯನ್ನೇ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿತ್ತು. ನಿನ್ನೆಯ ಕ್ಯಾಲೆಂಡರ್ ನೋಡಿ ಇವತ್ತಿನ ಮಂಚ ಕೇಳಿದರೆ ಏನಾಗಬೇಕೋ ಅದೇ ಆಯಿತು. ಫಲಕದ ತುಂಬ ಒಂಟಿ ನಕ್ಷತ್ರಗಳು. ಭಾವ ನಾಲ್ಕು ತಿಂಗಳು ಗುದ್ದಾಡಿದರು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು.

ಕೊನೆಗೊಂದು ಮಧ್ಯಾಹ್ನ ಆ ಕೆಡುಕು ಭಾವನ ಮನೆ ಬಾಗಿಲಿಗೇ ಬಂತು. ಒಂದೇ ಮಂಚಕ್ಕೆ ಎರಡು ಮನೆಯವರು ಬಂದರು. ಮೊದಲು ಬಂದವರು ಒಯ್ದಾಗಿತ್ತು. ಎರಡನೆಯವರು ಆಸ್ಪತ್ರೆಯಿಂದ ಮುದುಕಿಯನ್ನು ವ್ಯಾನಿನಲ್ಲಿ ಮಲಗಿಸಿಕೊಂಡೇ ಬಂದಿದ್ದರು. ಆಕೆಯ ಮಗ ಬೈಯಲಿಲ್ಲ. ಫೋನಿನಲ್ಲಿ ಕ್ಯಾಲೆಂಡರ್ ತೆರೆದು, ಇದರಲ್ಲಿ ಖಾಲಿ ಅಂತ ಇತ್ತಲ್ಲ ಎಂದು ಮೂರು ಸಲ ತೋರಿಸಿದ. ವ್ಯಾನು ತಿರುಗಿ ಹೋಯಿತು. ಭಾವ ಬಾಗಿಲಲ್ಲಿ ನಿಂತೇ ಇದ್ದರು.

ಮರುದಿನ ಬೆಳಿಗ್ಗೆ ಅವರ ಪುಟದಲ್ಲಿ ಸೂಚನೆ ಬಿತ್ತು: ತಿಂಗಳ ಕೊನೆಗೆ ಈ ಪ್ಲಗಿನ್ ಮುಚ್ಚುತ್ತದೆ. ನನ್ನೊಬ್ಬನಿಂದ ಆಗುವುದಿಲ್ಲ.

ಅಕ್ಕನ ಮಗಳು ನನಗೆ ಫೋನ್ ಮಾಡಿದಳು. ಮಾವ, ಅಮ್ಮನ ಮಾತು ಉಳಿದಿರೋದು ಅದರಲ್ಲಿ ಮಾತ್ರ, ನೀವೇ ಬಂದು ಅಪ್ಪನ ಹತ್ತಿರ ಮಾತಾಡಿ ಎಂದಳು. ಮಾತಾಡುವುದು ನನ್ನ ಏಕೈಕ ಆಯುಧ. ಭಾನುವಾರ ಊಟ ಮುಗಿಸಿ ಅದನ್ನು ಮಸೆದುಕೊಂಡು ಹೋದೆ.

ಭಾವ ಕಿಟಕಿಯ ಪಕ್ಕ ಕೂತು ಯಾರದೋ ಕನ್ನಡಕದ ಸ್ಕ್ರೂ ಬಿಗಿಮಾಡುತ್ತಿದ್ದರು. ನಾನು ಅರ್ಧ ಗಂಟೆ ಭಾಷಣ ಮಾಡಿದೆ. ಜಗತ್ತು ದೊಡ್ಡದು, ಇಂಥದನ್ನೇ ಬಿಡುವಿನಲ್ಲಿ ಮಾಡುವವರು ಸಾವಿರಾರು ಮಂದಿ ಇದ್ದಾರೆ, ಬಾಯಿಬಿಟ್ಟು ಕೇಳಿದರೆ ಯಾರಾದರೂ ಬರುತ್ತಾರೆ, ನಿಮ್ಮ ಹಾಗೆ ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಯಾರಿಗೆ ತಿಳಿಯಬೇಕು ಎಂದೆ.

"ಕೇಳಿದೀನಿ ಕಣಯ್ಯ" ಎಂದರು ಭಾವ. "ಮೂರು ವರ್ಷದಿಂದ ಆ ಸಾಲು ಅಲ್ಲೇ ಇದೆ. ಒಂದು ಕಾಗದ ಬಂದಿಲ್ಲ."

"ಸಹಾಯ ಮಾಡ್ತೀವಿ ಅಂತ ಬಂದಿಲ್ಲ. ಸರಿ."

"ಯಾವ ಕಾಗದವೂ ಬಂದಿಲ್ಲ. ಅವಳು ಹೋದ ಮೇಲೆ ಒಂದೂ ಇಲ್ಲ. ಹೇಗಿದ್ದಾರೆ ಅಂತಲೂ ಯಾರೂ ಕೇಳಲಿಲ್ಲ."

ಗಾಜಿನ ನಂಬರು ಓದುವ ದನಿಯಲ್ಲಿ ಹೇಳಿದರು. ಮೂರು ವರ್ಷ ಆ ಮನುಷ್ಯ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೆಳಿಗ್ಗೆ ಐದಕ್ಕೆ ಏಳುತ್ತಿದ್ದರು. ಇಂಥ ಹೊತ್ತಿನಲ್ಲೇ ನಾನು ಹಾಸ್ಯ ಮಾಡುತ್ತೇನೆ, ಅದು ನನ್ನ ರೋಗ.

"ಏನ್ ಭಾವ, ಬೋಳುತಲೆಯಲ್ಲಿ ಕೂದಲು ಬೆಳೆಸ್ತೀವಿ ಅನ್ನೋರು ನನಗೆ ದಿನಕ್ಕೆ ಹತ್ತು ಸಲ ಬರೀತಾರೆ. ಯಾರ ಪುಟವನ್ನೂ ಬಿಡದ ಅವರೂ ನಿಮ್ಮ ಪುಟಕ್ಕೆ ಬರಲಿಲ್ವಾ?"

ಭಾವ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿದರು. ನನ್ನನ್ನು ನೋಡಿದರು, ನನ್ನ ತಲೆಯನ್ನೂ ನೋಡಿದರು. ಎದ್ದು ಕಂಪ್ಯೂಟರಿನ ಮುಂದೆ ಹೋಗಿ ಕೂತು, ತಮ್ಮ ಪುಟದ ಪ್ಲಗಿನ್‌ಗಳ ಪಟ್ಟಿ ತೆರೆದು, ಬೆರಳಿಟ್ಟು ಎಣಿಸಿದರು. ಏಳು ಇದ್ದವು. ಆರು ಉರಿಯುತ್ತಿದ್ದವು.

ಏಳನೆಯದು, ಪುಟದ ಬುಟ್ಟಿಗೆ ಬೀಳುವ ಕಾಗದಗಳನ್ನು ಅವರಿಗೆ ಕಳಿಸುವ ಪ್ಲಗಿನ್. ಅದು ಆರಿತ್ತು.

ಅಕ್ಕನ ಮಗಳು ಅದು ಆರಿದ ತಾರೀಖು ನೋಡಿ ಆ ಬೆಳಿಗ್ಗೆಯನ್ನು ನೆನಪಿಸಿಕೊಂಡಳು. ಅಪ್ಪನ ಪುಟದಲ್ಲಿ ಏನೋ ಕೆಟ್ಟಿತ್ತು. ಎಲ್ಲ ಆರಿಸಿ ಒಂದೊಂದಾಗಿ ಹಾಕುತ್ತ ಕೂತಿದ್ದರು. ಒಳಗಿನ ಕೋಣೆಯಿಂದ ಮಗಳು ಕೂಗಿದಳು. ಭಾವ ಎದ್ದು ಓಡಿದರು. ಒಂದು ವಾರದ ಮೇಲೆ ವಾಪಸ್ಸು ಬಂದು ಕೂತಾಗ ಪುಟ ಸರಿಯಾಗಿ ತೆರೆಯುತ್ತಿತ್ತು. ತೆರೆಯುವ ಪುಟವನ್ನು ಯಾರು ಪರೀಕ್ಷೆ ಮಾಡುತ್ತಾರೆ? ಬೀದಿಯ ಫ್ರಿಜ್ಜುಗಳನ್ನೆಲ್ಲ ಗೆದ್ದ ಕತ್ತಲೆರಾಯರು ಜೀವನದಲ್ಲಿ ಒಂದೇ ಒಂದು ಸಲ ಪೂಜೆಯನ್ನು ಅರ್ಧಕ್ಕೆ ಬಿಟ್ಟು ಎದ್ದಿದ್ದರು, ಹೆಂಡತಿಯ ಕೊನೆಯ ಉಸಿರಿಗೆ.

ಗುಂಡಿ ಒತ್ತಿದರು. ಬುಟ್ಟಿಯಲ್ಲಿ ಕೊಳೆಯುತ್ತಿದ್ದ ಕಾಗದಗಳು ಒಟ್ಟಿಗೇ ಬಿದ್ದವು. ಕೂದಲಿನವರು ನಿಷ್ಠೆಯಿಂದ ಬರೆದಿದ್ದರು. ಅವರನ್ನೆಲ್ಲ ತೆಗೆದ ಮೇಲೆ ಎಂಬತ್ತಾರು ಉಳಿದವು. ಅಕ್ಕನ ಮಗಳು ಒಂದೊಂದಾಗಿ ಓದಿದಳು. ಮೊದಲ ಮೂವತ್ತರಲ್ಲಿ ಹೆಚ್ಚಿನವು ಒಂದೇ ಮಾತು: ಹೆಂಡತಿ ಹೇಗಿದ್ದಾರೆ, ಕ್ಯಾಲೆಂಡರ್ ಇರಲಿ ಬಿಡಿ, ಅವರನ್ನು ನೋಡಿಕೊಳ್ಳಿ. ದೋಣಿಯವನೂ ಬರೆದಿದ್ದ. ಬೈದದ್ದಕ್ಕೆ ಕ್ಷಮೆ ಕೇಳಿ, ತನ್ನ ಮನೆಯಲ್ಲೂ ಕಾಯಿಲೆ ಎಂದಿದ್ದ. ಮೂವರು ಕೈಜೋಡಿಸುತ್ತೇವೆ ಎಂದಿದ್ದರು. ಅವರಲ್ಲೊಬ್ಬ, ಬೇಗ ತೆರೆಸುವ ಆ ಪ್ಲಗಿನ್ನಿನ ಜೊತೆ ಜಗಳ ಬರುತ್ತದೆಂದು ಮೊದಲೇ ಕಂಡು, ಹನ್ನೊಂದು ಸಾಲಿನ ತಿದ್ದುಪಡಿ ಕಳಿಸಿದ್ದ, ಒಂದೂವರೆ ವರ್ಷದ ಹಿಂದೆ. ಅವನೇ ಮತ್ತೆರಡು ಸಲ ಬರೆದಿದ್ದ. ಕೊನೆಯದು ಚಿಕ್ಕದು: ನಿಮಗೆ ಇಷ್ಟವಿಲ್ಲ ಅನಿಸುತ್ತದೆ, ತೊಂದರೆ ಕೊಟ್ಟೆ, ಕ್ಷಮಿಸಿ.

ಅದನ್ನು ಭಾವ ಇನ್ನೊಮ್ಮೆ ಓದಿಸಿದರು.

ಮೂವರಿಗೂ ಅವಳು ಅಲ್ಲೇ ಬರೆದಳು. ಎರಡು ವಿಳಾಸ ಸತ್ತಿದ್ದವು, ಕಾಗದ ತಿರುಗಿ ಬಂತು. ಹನ್ನೊಂದು ಸಾಲಿನವನು ಸಂಜೆಯೊಳಗೆ ಉತ್ತರಿಸಿದ. ತಿಳಿಸಿದ್ದಕ್ಕೆ ಸಂತೋಷ, ಆದರೆ ತಾನು ಈ ಪುಕ್ಕಟೆ ಕೆಲಸ ಬಿಟ್ಟು ಒಂದು ವರ್ಷವಾಯಿತು, ಯಾರೂ ಮಾತಾಡಿಸದ ಕಡೆ ಎಷ್ಟು ದಿನ ಕೂಗುವುದು ಎಂದು. ತಿದ್ದುಪಡಿ ಬಳಸಿಕೊಳ್ಳಿ ಎಂದಿದ್ದ. ಬಳಸಿ ನೋಡಿದರು. ಕ್ಯಾಲೆಂಡರ್ ಇವತ್ತಿನ ಮಂಚವನ್ನು ಇವತ್ತೇ ತೋರಿಸಿತು. ಸೇರಿಕೊಳ್ಳಲು ಮಾತ್ರ ಯಾರೂ ಉಳಿದಿರಲಿಲ್ಲ.

ಭಾವ ಮುಚ್ಚುವ ಸೂಚನೆಯನ್ನು ಅಳಿಸಿದರು. ಅದರ ಜಾಗದಲ್ಲಿ 'ಸದ್ಯಕ್ಕೆ ಇರುತ್ತದೆ' ಎಂದು ಹಾಕಿದರು. ಮುಖದಲ್ಲಿ ಗೆಲುವೇನೂ ಇರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಕೈ ಬೀಸಿ, ಅಕ್ಕನಿಗಾಗಿ ಎಂಬತ್ತಾರು ಊರು ಉಸಿರು ಬಿಗಿಹಿಡಿದು ಕೂತಿತ್ತು, ಸಮುದ್ರದಾಚೆ ದೋಣಿಗಳು ನಿಂತಿದ್ದವು, ಇಂಥ ಗೌರವ ಯಾವ ಪಟ್ಟದ ರಾಣಿಗೆ ಸಿಕ್ಕೀತು ಎಂದೆಲ್ಲ ಹೇಳಿದೆ. ಅಕ್ಕನ ಮಗಳು ಮುಖ ತಿರುಗಿಸಿಕೊಂಡು ಕಣ್ಣೊರೆಸಿದಳು. ಭಾವ ಅಷ್ಟರಲ್ಲಿ ಕನ್ನಡಕ ಏರಿಸಿಕೊಂಡು ಮೊದಲನೆಯ ಕಾಗದ ತೆರೆದಿದ್ದರು. ಹೆಂಡತಿ ಹೇಗಿದ್ದಾರೆ ಎಂದು ಕೇಳಿದ್ದ ಯಾವುದೋ ಗ್ರಂಥಾಲಯದ ಹೆಂಗಸಿನ ಕಾಗದ ಅದು.

"ಭಾವ, ಇವರಿಗೆಲ್ಲ ಏನಂತ ಬರೀತೀರಿ?" ಎಂದೆ.

ಅವರು ಎರಡು ಬೆರಳಲ್ಲಿ ಟೈಪು ಮಾಡುತ್ತಲೇ ಹೇಳಿದರು.

"ಉತ್ತರ ತಡವಾಯ್ತು ಅಂತ."