ಪಾಠದ ಕೋಣೆಯಲ್ಲಿ ಪಂಕ್ತಿ

ಕುಂದಾಣದ ಹತ್ತಿರದ ನಮ್ಮೂರಲ್ಲಿ ಕನ್ನಡ ಶಾಲೆ ನಡೆಯುತ್ತಿದ್ದದ್ದು ನಮ್ಮ ತಾತ ಬಿಟ್ಟುಕೊಟ್ಟಿದ್ದ ಕಲ್ಲುಕಂಬದ ಹೆಂಚಿನ ಕಟ್ಟಡದಲ್ಲಿ. ಊರಾಚೆ ಹೊಸ ಶಾಲೆ ಎದ್ದ ಮೇಲೆ ಅದು ನಮಗೇ ವಾಪಸ್ ಬಂತು. ಅಷ್ಟರಲ್ಲಿ ದೇವನಹಳ್ಳಿ ಕಡೆ ವಿಮಾನ ಇಳಿಯೋಕೆ ಶುರುವಾಗಿತ್ತು. ಇದನ್ನು ಕೆಡವಿ ಬಾಡಿಗೆ ರೂಮು ಕಟ್ಟಿದರೆ ಏರ್‌ಪೋರ್ಟ್ ಕೆಲಸದವರು ನಾಮುಂದು ತಾಮುಂದು ಅಂತ ಬರ್ತಾರೆ ಅನ್ನೋದು ಅಪ್ಪನ ಲೆಕ್ಕ.

ಅಮ್ಮ ಒಪ್ಪಲಿಲ್ಲ. ಅವಳೂ ಇದೇ ಊರಿನವಳು, ಆದರೆ ಒಂದು ದಿನವೂ ಆ ಶಾಲೆಯೊಳಗೆ ಕೂತವಳಲ್ಲ. ಎಮ್ಮೆ ಮೇಯಿಸುತ್ತಾ ಕಿಟಕಿಯಾಚೆ ನಿಂತು ಮಗ್ಗಿ ಕೇಳಿಸಿಕೊಂಡಿದ್ದಷ್ಟೇ. "ನಾನಿಲ್ಲೇ ಸಂಸಾರ ಮಾಡ್ತೀನಿ" ಅಂದಳು.

"ಅದು ಸ್ಕೂಲು ಕಣೇ, ಮನೆ ಆಗಲ್ಲ. ಹಾಲು ಉಕ್ಸಿ ನೋಡೋಣ. ಬಂದೋರಿಗೆ ಮನೆ ಅನ್ನಿಸ್ಲಿಲ್ಲ ಅಂದ್ರೆ ಕೆಡವೋದೇ" ಅಂದ ಅಪ್ಪ.

ನನಗೋ ಹಿಗ್ಗೋ ಹಿಗ್ಗು. ಹೆಡ್‌ಮಾಸ್ಟರ್ ರೂಮು ಅಡುಗೆಮನೆಯಾಯಿತು. ನಾನು ನಡುಗುತ್ತಾ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಒಗ್ಗರಣೆಯ ಘಮ! ಗೋಡೆಗಳಿಗೆಲ್ಲ ಸುಣ್ಣ ಬಳಿದೆವು. ಕಪ್ಪು ಬೋರ್ಡನ್ನು ಮಾತ್ರ ಅಮ್ಮ ಮುಟ್ಟಗೊಡಲಿಲ್ಲ.

ಗೃಹಪ್ರವೇಶದ ದಿನ ಹಾಲು ಚೆನ್ನಾಗೇ ಉಕ್ಕಿತು. ಎಡವಟ್ಟಾದದ್ದು ಊಟಕ್ಕೆ. ಪಂಕ್ತಿ ಅಂದರೆ ಎದುರುಬದುರು ಕೂರಬೇಕು, ನಡುವೆ ಬಡಿಸುವವರು ಓಡಾಡಬೇಕು. ನಮ್ಮೂರಿನ ಗಂಡಸರು, ತಲೆ ನರೆತವರೂ ಸೇರಿ, ಒಳಗೆ ಕಾಲಿಟ್ಟವರೇ ಬೋರ್ಡಿಗೆ ಮುಖಮಾಡಿ ಒಬ್ಬರ ಹಿಂದೆ ಒಬ್ಬರು ಕೂತುಬಿಟ್ಟರು. ಅದೂ ಗಿಡ್ಡರು ಮುಂದೆ, ಉದ್ದದವರು ಹಿಂದೆ. ಯಾರೂ ಹಾಗೆ ಕೂರಿ ಅಂದಿರಲಿಲ್ಲ. ಅಪ್ಪನೂ ಗಿಡ್ಡನೇ, ಹೋಗಿ ಮೊದಲ ಸಾಲಲ್ಲಿ ಕೂತಿದ್ದ. ಸಾಂಬಾರ್ ಬಕೆಟ್ ಹಿಡಿದ ನನಗೆ ಕಾಲಿಡೋಕೂ ಜಾಗವಿಲ್ಲ.

"ನಾನ್ ಹೇಳ್ಲಿಲ್ವಾ? ಸ್ಕೂಲು ಸ್ಕೂಲೇ" ಅಂತ ಅಪ್ಪ ನಕ್ಕ. ಇನ್ನು ಈ ಮನೆ ಉಳಿಯೋದಿಲ್ಲ ಅಂದುಕೊಂಡೆ.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾಯಸದ ಪಾತ್ರೆ ಹಿಡಿದು ನೇರ ಬೋರ್ಡಿನ ಮುಂದೆ ಹೋಗಿ ನಿಂತಳು. ಗುಸುಗುಸು ಥಟ್ಟನೆ ನಿಂತಿತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಒಂದ್ ಸಾಲ್ ಬಿಟ್ಟು ಒಂದ್ ಸಾಲು ತಿರುಗಿ ಕೂತ್ಕಳಿ, ಸ್ವಲ್ಪ ಜಾಗ ಬಿಟ್ಕಳಿ. ನಮ್ಮನೇಗ್ ಬಂದೋರು ಹಸ್ಕೊಂಡ್ ಹೋಗ್ಬಾರ್ದು" ಅಂದಳು.

ಮೊದಲ ಸಾಲಿನಿಂದ ಹಿಡಿದು ಒಂದು ಬಿಟ್ಟು ಒಂದು ಸಾಲಿನವರು ಎಲೆಗಳನ್ನು ಎಳೆದುಕೊಂಡು ಸರಸರ ತಿರುಗಿದರು. ಅಪ್ಪ ಮಾತ್ರ ತಿರುಗಲಿಲ್ಲ. ಎದ್ದ. ತನ್ನ ಎಲೆಯನ್ನು ಪಕ್ಕಕ್ಕೆ ಸರಿಸಿ, ನನ್ನ ಕೈಯಿಂದ ಬಕೆಟ್ ಇಸ್ಕೊಂಡ.

"ನೆಂಟ್ರು ಉಣ್ಲಿ, ಮನೆಯೋರು ನಾವು ಆಮೇಲ್ ಕೂರೋಣ" ಅಂದ.